ಕತ್ತಲೆ ಕೋಣೆಯ ತಲೆನೋವು

ತುರ್ತು ಚಿಕಿತ್ಸೆಯ ಡಾಕ್ಟರಾಗಿ ನಾನು ದಿನಾ ನೋಡುವ ತಲೆನೋವು ಎರಡು ಬಗೆಯದು. ಒಂದು ರೋಗಿಯದು, ಇನ್ನೊಂದು ಜೊತೆಗೆ ಬಂದವರದು. ಮೊದಲನೆಯದಕ್ಕೆ ಔಷಧಿ ಇದೆ. ಗಿಣಿಗೇರಾದಿಂದ ಆಗಾಗ ಬರುವ ನಾಲ್ಕನೇ ಇಯತ್ತೆಯ ಹುಡುಗಿಯ ಕಥೆಯನ್ನೇ ತಗೊಳ್ಳಿ.

ವಂಶದಾಗ ಇಲ್ರಿ

ಮೊದಲ ಸಲ ಬಂದಾಗ ವಾಂತಿ, ಹಣೆ ಸಿಡಿಯುವ ನೋವು, ಬೆಳಕಿಗೆ ಕಣ್ಣೇ ಬಿಡಲಾರಳು. ಪರೀಕ್ಷೆ ಮಾಡಿ, ಇದು ಮೈಗ್ರೇನ್, ಮಕ್ಕಳಿಗೂ ಬರುತ್ತದೆ ಎಂದೆ. ಅಜ್ಜಿ ಒಪ್ಪಲಿಲ್ಲ.

"ಸಂಸಾರ ಮಾಡೋರಿಗೆ ತಲಿನೋವು ಬರ್ತೈತ್ರಿ. ಈಕಿಗೇನ್ ಚಿಂತಿ ಐತಿ?"

"ಮನ್ಯಾಗ ಯಾರಿಗರ ಹಿಂಗ ಆಗ್ತೈತೇನ್ರಿ?"

"ನಮ್ಮ ವಂಶದಾಗ ಯಾರಿಗೂ ಇಲ್ರಿ."

ಹೇಳುತ್ತಿದ್ದ ಅಜ್ಜಿಯ ಹಣೆಗೆ ಅರಿವೆ ಬಿಗಿದು ಕಟ್ಟಿತ್ತು. ಪಕ್ಕದಲ್ಲಿದ್ದ ಸೋದರತ್ತೆಯ ಹಣೆಗೂ. ಇದೇನು ಎಂದು ಕೇಳಿದೆ.

"ಇದು ನೋವಲ್ರಿ. ನಮ್ಮ ಮನಿ ಹೆಣ್ಮಕ್ಕಳ ರೂಢಿ."

ಲೈಟ್ ಆರಿಸೋ ಡಾಕ್ಟರ್

ಎರಡನೇ ಸಲ ಅಪ್ಪ ಕರೆತಂದ. ಕಬ್ಬಿಣದ ಫ್ಯಾಕ್ಟರಿಯಲ್ಲಿ ಕೆಲಸ. ಔಷಧಿ ಕೊಟ್ಟು, ಮೂಲೆಯ ಕೋಣೆಯಲ್ಲಿ ಮಲಗಿಸಿ ಲೈಟ್ ಆರಿಸಿದೆ. ಕತ್ತಲೆ, ನಿಶ್ಶಬ್ದ, ಒಂದಿಷ್ಟು ನಿದ್ದೆ: ಆ ಮಗುವಿಗೆ ಬೇಕಾದದ್ದು ಅಷ್ಟೇ. ಅಪ್ಪನಿಗೆ ಅನುಮಾನ.

"ನಮ್ಮ ಪ್ಲಾಂಟಿನ್ಯಾಗ ಲೈಟ್ ಆರಿದ್ರ ಕೆಲಸ ನಿಂತೈತಿ ಅಂತ ಲೆಕ್ಕ್ರಿ."

ಸಮಾಧಾನ ಹೇಳಿ ಇನ್ನೊಬ್ಬ ರೋಗಿಯನ್ನು ನೋಡಿ ಬಂದೆ. ಅಷ್ಟರಲ್ಲಿ ಅಪ್ಪ ಮೊಬೈಲ್ ಟಾರ್ಚನ್ನು ಮಗಳ ಕಣ್ಣಿಗೇ ಹಿಡಿದು ನಿಂತಿದ್ದ.

"ಏನ್ ಮಾಡಾಕತ್ತೀರಿ?"

"ಕತ್ತಲಿ ಹತ್ತೈತೋ ಇಲ್ಲೋ ನೋಡಾಕತ್ತೀನ್ರಿ."

ಮಾತಾಡಿಸುವವರು

ಮೂರನೇ ಸಲ ನಾನೇ ಬಾಗಿಲಲ್ಲಿ ಕಾವಲು ನಿಂತೆ. ನೋವು ಇಳಿದು ಹುಡುಗಿಗೆ ಜೊಂಪು ಹತ್ತಿತ್ತು. ನನಗೂ ಜೀವ ನಿರಾಳವಾಯಿತು. ಆಗ ಒಂದು ಟಂಟಂ ಆಟೋ ಬಂತು. ಅದರ ತುಂಬ ಬಂಧುಬಳಗ. ಆಸ್ಪತ್ರೆ ಸೇರಿದವರನ್ನು ಮಾತಾಡಿಸದಿದ್ದರೆ ನಮ್ಮ ಕಡೆ ಜನ್ಮಪೂರ್ತಿ ಆಡಿಕೊಳ್ಳುತ್ತಾರೆ. ಜಗಳಕ್ಕೆ ನನ್ನಲ್ಲಿ ತ್ರಾಣ ಉಳಿದಿರಲಿಲ್ಲ.

"ನೋಡಿ ಬರ್ರಿ, ಆದ್ರ ಗದ್ದಲ ಮಾಡಬ್ಯಾಡ್ರಿ."

ಪಾಪ, ಚಪ್ಪಲಿ ಹೊರಗೆ ಬಿಟ್ಟು, ಒಬ್ಬೊಬ್ಬರಾಗಿ, ಬೆಕ್ಕಿನ ಹೆಜ್ಜೆಯಲ್ಲಿ ಹೋದರು. ಇಷ್ಟು ಶಿಸ್ತಿನ ಜನವನ್ನು ನಾನು ಕಂಡಿರಲಿಲ್ಲ. ಹೆಮ್ಮೆಯಿಂದಲೇ ಒಳಗೆ ಇಣುಕಿದೆ. ಪ್ರತಿಯೊಬ್ಬರೂ ಮಗುವಿನ ಭುಜ ಅಲುಗಿಸಿ, ಮೆತ್ತಗೆ ಕೇಳುತ್ತಿದ್ದರು:

"ನಿದ್ದಿ ಹತ್ತಿತೇನವಾ?"

"ಹತ್ತಿತ್ತು, ದೊಡ್ಡವ್ವ."

"ಹಂಗಾರ ಮಲ್ಕೊ."

ಆಮೇಲೆ ಚಿಗವ್ವ. ಆಮೇಲೆ ಮಾವ. ಕೊನೆಗೆ ಹುಡುಗಿ ಹಣೆ ಹಿಡಿದುಕೊಂಡು ತಾನೇ ಎದ್ದು ಹೊರಗೆ ಬಂದಳು.

"ಡಾಕ್ಟರ್, ನನ್ನ ಮನಿಗೆ ಕಳಸ್ರಿ. ಎಲ್ಲಾರೂ ಇಲ್ಲೇ ಬಂದಾರ, ಅಲ್ಲಿ ಈಗ ಯಾರೂ ಇಲ್ರಿ."