ಶೆಟ್ಲೆಂಡ್ ಕಂಡು ಬಂದ ಚಿಕ್ಕಪ್ಪ

ಬಳ್ಳಾರಿಯಲ್ಲಿ ಬಿಸಿಲು ಹೆಚ್ಚೆಂದು ಗೊಣಗುವವರು ಊರ ತುಂಬ ಇದ್ದಾರೆ. ಕಡಲಿಲ್ಲವೆಂದು ಗೊಣಗುತ್ತಿದ್ದವರು ನಮ್ಮ ಚಿಕ್ಕಪ್ಪ ಒಬ್ಬರೇ!

ಮಹಾಯುದ್ಧ ಮುಗಿದ ಮೇಲೆ ಡಾಕ್ಟರಿಕೆ ಕಲಿಯಲು ಸ್ಕಾಟ್ಲೆಂಡಿಗೆ ಹೋಗಿದ್ದ ಅವರು, ಮರಳಿ ಬಂದು ಕಂಟೋನ್ಮೆಂಟಿನಲ್ಲಿ ದವಾಖಾನೆ ತೆರೆದರು. ಜೊತೆಯವರು ರಜೆಯಲ್ಲಿ ಲಂಡನ್ ನೋಡಿದರೆ, ಇವರು ಹಡಗು ಹತ್ತಿ ಉತ್ತರದ ತುದಿಯ ಶೆಟ್ಲೆಂಡ್ ದ್ವೀಪಗಳಿಗೆ ಹೋಗಿದ್ದರು. ಹೋದದ್ದು ಒಂದೇ ಸಲ. ಹೇಳಿದ್ದು? ಆ ಲೆಕ್ಕ ಶಿವನಿಗೇ ಗೊತ್ತು!

ರೋಗಿ ನಾಲಿಗೆ ಚಾಚಿದೊಡನೆ ಕಥೆ ಶುರು. ಅಲ್ಲಿ ಮರಗಳೇ ಇಲ್ಲ, ಬೆಳೆಯಲು ಗಾಳಿ ಬಿಡಬೇಕಲ್ಲ! ಕುದುರೆಗಳು ನಮ್ಮ ಕರುವಿನಷ್ಟೇ ಎತ್ತರ. ಗಾರೆಯಿಲ್ಲದೆ ಕಲ್ಲು ಪೇರಿಸಿದ ಪುರಾತನ ಗೋಪುರ ಕಡಲಂಚಿನಲ್ಲಿ ಇನ್ನೂ ನಿಂತಿದೆ. ನಾಲಿಗೆ ಹೊರಗಿಟ್ಟ ರೋಗಿ ಸಾಕು ಎನ್ನುವುದಾದರೂ ಹೇಗೆ?

ಕುರುಗೋಡಿನಲ್ಲಿದ್ದ ನಮ್ಮ ಸೋದರತ್ತೆಯ ಮನೆಗೆ ಹೋದಾಗ, ಉರಿಬಿಸಿಲಲ್ಲಿ ನಮ್ಮನ್ನೆಲ್ಲ ಗುಡ್ಡ ಹತ್ತಿಸಿ ಕೋಟೆಯ ಗೋಡೆ ತೋರಿಸಿದರು. "ನೋಡಕ್ಕ, ಥೇಟ್ ಅಲ್ಲಿದ್ದಂಗ ಐತಿ!"

ಅತ್ತೆ ಬೆವರೊರೆಸಿಕೊಂಡು ಕೇಳಿದಳು: "ಹಂಗಿದ್ರ ಅಷ್ಟು ದೂರ ಯಾಕ ಹೋಗಿದ್ದಿ? ಇದನ್ನ ನೋಡಿದ್ರ ಸಾಕಾಗ್ತಿದ್ದಿಲ್ಲೇನು?"

ಸಿರುಗುಪ್ಪಕ್ಕೆ ಹೆಣ್ಣು ನೋಡಲು ಹೋದಾಗಲಂತೂ ಕೇಳಲೇಬೇಡಿ. ಹುಡುಗಿಗೆ ಇವರ ಮೊದಲ ಪ್ರಶ್ನೆ: "ಕಡಲು ಅಂದ್ರ ನಿಮಗ ಅಂಜಿಕಿ ಐತೇನ್ರಿ?"

ಅವಳ ತಂದೆ ಗಾಬರಿಯಾದರು. "ಇಲ್ಲಿಂದ ಬಳ್ಳಾರಿಗಿ ಬಸ್ ಐತ್ರಿ! ಕಡಲು ಎಲ್ಲಿ ಅಡ್ಡ ಬರ್ತೈತಿ?"

ಹುಡುಗಿ ಕಿಸಕ್ಕನೆ ನಕ್ಕಳು. ಆ ನಗುವಿಗೇ ಚಿಕ್ಕಪ್ಪ ಒಪ್ಪಿಬಿಟ್ಟರು. ಹಾಗೆ ಬಂದವರು ನಮ್ಮ ಚಿಕ್ಕಮ್ಮ.

ಒಂದು ಮಧ್ಯಾಹ್ನ ಅಜ್ಜಿ ಜೋಳ ಕೇರುತ್ತಾ ಮಗನನ್ನು ಕೇಳಿದಳು: "ಗಾಳಿ, ಕುದುರಿ, ಕಲ್ಲು ಎಲ್ಲಾ ಹೇಳಿದಿ. ಅಲ್ಲಿ ನಿನ್ನ ಉಣ್ಣಾಕ ಕರದವರು ಯಾರು? ಅದನ್ನ ಹೇಳಲಿಲ್ಲಲ್ಲೋ!"

ಅದನ್ನು ಚಿಕ್ಕಪ್ಪ ಹೇಳಿದ್ದು ಅಂದೇ ಮೊದಲ ಸಲ. ಇಳಿದುಕೊಂಡಿದ್ದ ಮನೆಯಲ್ಲಿ ಮುದುಕಿಯೊಬ್ಬಳಿದ್ದಳಂತೆ. ಯುದ್ಧದಲ್ಲಿ ಅವಳ ಒಬ್ಬನೇ ಮಗ ಹಡಗಿನೊಂದಿಗೆ ಮುಳುಗಿದ್ದ. ಬಿರುಗಾಳಿ ಎದ್ದ ದಿನ ಚಿಕ್ಕಪ್ಪ ಗೋಪುರ ನೋಡಿ ತಡವಾಗಿ ಮರಳಿದರೆ, ಅವಳು ಬಾಗಿಲಲ್ಲೇ ನಿಂತಿದ್ದಳಂತೆ.

"ನೀ ಬೈದಂಗ ಬೈದ್ಲವ್ವ. ಆಮ್ಯಾಲ ಬಿಸಿ ಗಂಜಿ ಕೊಟ್ಟು, ನಾ ಉಣ್ಣೂ ತನಕ ಎದುರಿಗೇ ಕುಂತ್ಲು."

ಅಜ್ಜಿಯ ಕೈಯಲ್ಲಿ ಮೊರ ನಿಂತಿತು. "ಆ ಊರು ಯಾವ ಕಡಿ ಐತಿ?"

ಚಿಕ್ಕಪ್ಪ ಕೈ ತೋರಿಸಿದರು. ಅಜ್ಜಿ ಎದ್ದು, ತಲೆಯ ಮೇಲೆ ಸೆರಗು ಹೊದ್ದು, ಆ ಕಡೆ ತಿರುಗಿ ಕೈಮುಗಿದಳು.