ಕಾರಿನ ಫ್ಯಾನು ಮನೆಮಂದಿಗೆ ಪಸಂದಾದದ್ದು

ಬೇರೆಯವರಿಗೆ ವಸ್ತು ಆರಿಸಿ ಕೊಡುವುದರಲ್ಲಿ ನನ್ನಷ್ಟು ಜಾಣ ರೋಣದ ಪೇಟೆಯಲ್ಲಿ ಇನ್ನೊಬ್ಬನಿಲ್ಲ ಎಂಬುದು ನನ್ನ ಬಲವಾದ ನಂಬಿಕೆ. ನನ್ನದು ಸೀರೆ ಅಂಗಡಿ. ಗಿರಾಕಿ ಇನ್ನೂ ಮೆಟ್ಟಿಲು ಹತ್ತುತ್ತಿರುವಾಗಲೇ, ಈಕೆ ಹಸಿರು ಕೇಳುತ್ತಾಳೆ, ಕೆಂಪು ಬಿಚ್ಚಿಸುತ್ತಾಳೆ, ಕಡೆಗೆ ನೇರಳೆ ಒಯ್ಯುತ್ತಾಳೆ ಎಂದು ಹೇಳಬಲ್ಲೆ. ಆದರೆ ನನಗೆಂದೇ ಏನಾದರೂ ಆರಿಸಿಕೊಳ್ಳುವ ಪ್ರಸಂಗ ಬಂದರೆ ಕೈಕಾಲು ತಣ್ಣಗಾಗುತ್ತವೆ. ಚಪ್ಪಲಿ ಕೊಳ್ಳಲು ಹೋದರೆ ಎಡಗಾಲಿಗೊಂದು ನಮೂನೆ, ಬಲಗಾಲಿಗೊಂದು ನಮೂನೆ ಮೆಟ್ಟಿಕೊಂಡು ಅಂಗಡಿ ತುಂಬ ಅಡ್ಡಾಡಿ, ಕೊನೆಗೆ ಹಳೇ ಚಪ್ಪಲಿಯಲ್ಲೇ ಮನೆಗೆ ಬರುತ್ತೇನೆ. ಹೀಗಾಗಿ ನಮ್ಮ ಮನೆಯಲ್ಲಿ ಏನೇ ಆರಿಸುವುದಿದ್ದರೂ ಎಲ್ಲರೂ ಕೂಡಿ ಆರಿಸುವ ರೂಢಿ. ಗೋಡೆ ಗಡಿಯಾರ, ಕುಕ್ಕರ್, ಅಳಿಯ, ಎಲ್ಲ ಬಂದದ್ದು ಹೀಗೆಯೇ. ಗಡಿಯಾರವೊಂದನ್ನು ಬಿಟ್ಟರೆ ಉಳಿದವು ಚೆನ್ನಾಗಿಯೇ ನಡೆದಿವೆ.

ನಮ್ಮಲ್ಲೊಂದು ಹಳೆಯ ಕಾರಿದೆ. ನಮ್ಮಪ್ಪ ತಂದದ್ದು. ಕೆನೆ ಬಣ್ಣ, ಉಬ್ಬಿದ ಕೆನ್ನೆ, ದುಂಡನೆಯ ಎರಡು ಕಣ್ಣು. ನನ್ನ ಮದುವೆಗಿಂತ ಮೊದಲೇ ಮನೆ ಸೇರಿದ್ದರಿಂದ ಅವ್ವ ಅದನ್ನು ‘ದೊಡ್ಡಾಕಿ’ ಎಂದೇ ಕರೆಯುತ್ತಾಳೆ. ಆ ಲೆಕ್ಕದಲ್ಲಿ ನನ್ನ ಹೆಂಡತಿ ಶಾಂತಾ ಸಣ್ಣಾಕಿ ಆಗಬೇಕಾಯಿತು. ಈ ಲೆಕ್ಕ ಆಕೆಗೆ ಇವತ್ತಿಗೂ ಸೇರಿಲ್ಲ. ದೊಡ್ಡಾಕಿ ನೋಡಲು ಲಕ್ಷಣವಾಗಿದ್ದಾಳೆ, ಕರೆದರೆ ಬರುತ್ತಾಳೆ, ಆದರೆ ಸಿಟ್ಟು ಬೇಗ. ಸಂತೆಯ ದಿನ ಪೇಟೆಯೊಳಗೆ ಸಾವಕಾಶ ಹೊರಟರೆ ಸಾಕು, ಬಾನೆಟ್ಟಿನ ಸಂದಿಯಿಂದ ಹೊಗೆ ಬಿಟ್ಟು ನಿಂತುಬಿಡುತ್ತಾಳೆ. ಇದಕ್ಕೆಂದೇ ನಾವು ಡಿಕ್ಕಿಯಲ್ಲಿ ನೀರಿನ ಕ್ಯಾನುಗಳನ್ನು ಇಟ್ಟುಕೊಂಡೇ ಹೊರಡುತ್ತಿದ್ದೆವು. ಒಮ್ಮೆ ಮದುವೆಯೊಂದಕ್ಕೆ ಹೋದಾಗ ಅಡಿಗೆಯವರು ನಮ್ಮನ್ನು ನೀರು ತಂದವರೆಂದು ತಿಳಿದು ಹಿಂಬಾಗಿಲಿಗೆ ಕಳಿಸಿದ್ದರು.

ಇದೆಲ್ಲ ಹೇಗೋ ನಡೆದುಕೊಂಡು ಹೋಗುತ್ತಿತ್ತು. ಅಷ್ಟರಲ್ಲಿ ಕೊಣ್ಣೂರಿಗೆ ಕೊಟ್ಟ ನಮ್ಮ ಮಗಳು ಸುಮಾ ಬಸುರಿಯಾದಳು. ಕುಬಸ, ಅಂದರೆ ಸೀಮಂತ, ಮುಗಿಸಿ ಬಾಣಂತನಕ್ಕೆ ಅವಳನ್ನು ತವರಿಗೆ ಕರೆತರಬೇಕು. ಫೋನಿನಲ್ಲಿ ಅವಳದು ಒಂದೇ ಹಟ: “ಅಪ್ಪಾ, ನಾ ದೊಡ್ಡಾಕ್ಯಾಗ ಬರಾಕಿ. ಬ್ಯಾರೆ ಗಾಡಿ ತಂದ್ರ ನಾ ಹತ್ತಂಗಿಲ್ಲ ನೋಡು.” ನಾನು ಉಬ್ಬಿಹೋದೆ. ಶಾಂತಾ ಉಬ್ಬಲಿಲ್ಲ. “ಬಸುರಿ ಹೆಣಮಗಳನ್ನ ಬಿಸಲಾಗ ರಸ್ತೆದಾಗ ನಿಂದ್ರಸೂ ಗಾಡಿ ನನಗ ಬ್ಯಾಡ. ಒಂದ ಸಲ, ಒಂದ ಸಲ ಅದು ಕಾಯದಂಗ ಗಜೇಂದ್ರಗಡಕ್ಕ ಹೋಗಿ ಬರ್ಲಿ. ಕಾಯ್ತಂದ್ರ ಮಾರೂದ. ಮದವಿ ಫೋಟೋಕ್ಕ ಹಳೇ ಕಾರ ಬೇಕಂತ ನರಗುಂದದಾಂವ ಒಬ್ಬಾಂವ ಕೇಳಾಕತ್ತಾನ” ಎಂದಳು. ಆಕೆಯ ದನಿ ಕೇಳಿದರೆ ಕಾರಿನ ಹಿಂದೆ ನನ್ನನ್ನೂ ಕಟ್ಟಿ ಕಳಿಸುವಂತಿತ್ತು.

ಮೆಕ್ಯಾನಿಕ್ ಹನಮಂತಪ್ಪ ಬಂದು ಬಾನೆಟ್ ಎತ್ತಿದ. ಇಂಜಿನ್ನಿನ ಬೆಲ್ಟಿಗೆ ಜೋಡಿಸಿದ ಹಳೆಯ ಫ್ಯಾನಿನ ಎಲೆಯೊಂದು ಬಿರುಕು ಬಿಟ್ಟಿತ್ತು. ಇಂಜಿನ್ ನಿಧಾನವಾದರೆ ಅದೂ ನಿಧಾನ, ಆದ್ದರಿಂದಲೇ ಪೇಟೆಯಲ್ಲಿ ಕಾಯುತ್ತದೆ ಎಂದ. “ಸಾವ್ಕಾರ್ರ, ಇದನ್ನ ತಗದು ಬ್ಯಾಟರಿ ಮ್ಯಾಲೆ ತಿರಗೂ ಫ್ಯಾನ್ ಹಾಕೂನು. ರೇಡಿಯೇಟರ್ ಹಿಂದ ಜಾಗಾ ಇಲ್ಲ, ಮುಂದ ಜಾಳಿಗಿ ಒಳಗ ಕೂಡಸ್ತೀನಿ. ನೀವು ಚಲೋದೊಂದು ಆರಿಸ್ಕೊಂಡು ಬರ್ರಿ.” ಆರಿಸಿಕೊಂಡು ಬರುವುದು ಎಂದ ಕೂಡಲೇ ನನಗೆ ಚಪ್ಪಲಿ ಅಂಗಡಿಯ ನೆನಪಾಯಿತು.

ನರಗುಂದದಲ್ಲಿ ಗಾಡಿಯ ಬಿಡಿಭಾಗ ಮಾರುವ ಚನಬಸಪ್ಪ ನಮ್ಮ ಅಂಗಡಿಯ ಹಳೆಯ ಗಿರಾಕಿ. ಅವನು ಮೇಜಿನ ಮೇಲೆ ಮೂರು ಫ್ಯಾನು ಇಟ್ಟ. ಒಂದು ತಗಡಿನದು, ಅಗಲವಾದ ನಾಲ್ಕು ಎಲೆಯದು. ಇನ್ನೊಂದು ಕರಿಯದು, ತುಂಬ ಎಲೆಗಳು, ಎಲ್ಲವೂ ಕುಡುಗೋಲಿನಂತೆ ಬಾಗಿದವು. ಮೂರನೆಯದು ತೀರ ತೆಳ್ಳಗಿನದು. ನಾನು ಅಭ್ಯಾಸಬಲದಿಂದ ಪ್ರತಿಯೊಂದರ ಅಂಚನ್ನೂ ಬೆರಳಲ್ಲಿ ಸವರಿ ನೋಡಿದೆ. ಸೆರಗು ಎಲ್ಲಿದೆ ಎಂದು ಕೇಳುವುದೊಂದು ಬಾಕಿ ಇತ್ತು. ಚನಬಸಪ್ಪ ಆಂಪಿಯರ್ ಎಂದ, ಸುತ್ತು ಎಂದ, ಗಾಳಿ ಎಳೆಯುವುದು ಬೇರೆ, ನೂಕುವುದು ಬೇರೆ ಎಂದ. ನಾನು ಹೂಂಗುಟ್ಟುತ್ತ ಹೋದೆ. ಒಂದೂ ತಲೆಗೆ ಇಳಿಯಲಿಲ್ಲ. ಕೊನೆಗೆ ನಮ್ಮ ವ್ಯಾಪಾರದ ಪದ್ಧತಿಯೇ ನನ್ನ ಕೈ ಹಿಡಿಯಿತು. ನಮ್ಮಲ್ಲಿ ಖಾಸಾ ಮನೆತನದವರು ಅಂಗಡಿಗೆ ಬಂದು ಸೀರೆ ಆರಿಸುವುದಿಲ್ಲ. ನಾವೇ ಒಂದು ಗಂಟು ಕಟ್ಟಿ ಮನೆಗೆ ಕಳಿಸುತ್ತೇವೆ. ಹೆಣ್ಣುಮಕ್ಕಳು ಮೈಮೇಲೆ ಹಾಕಿ ನೋಡಿ, ಪಸಂದಾದದ್ದನ್ನು ಇಟ್ಟುಕೊಂಡು ಉಳಿದದ್ದನ್ನು ವಾಪಸ್ ಕಳಿಸುತ್ತಾರೆ. ಉಟ್ಟದ್ದು ಮಾತ್ರ ವಾಪಸ್ಸಾಗುವುದಿಲ್ಲ. ‘ಉಟ್ಟ ಸೀರೆ ವಾಪಸ್ ತೆಗೆದುಕೊಳ್ಳುವುದಿಲ್ಲ’ ಎಂದು ಅಂಗಡಿಯಲ್ಲಿ ದೊಡ್ಡ ಅಕ್ಷರದ ಬೋರ್ಡೇ ಇದೆ. “ಚನಬಸಪ್ಪ, ಮೂರೂ ಕಟ್ಟಿ ಕೊಡು, ಮನ್ಯಾಗ ತೋರಸ್ತೀನಿ” ಎಂದೆ. ಅವನು “ಅಣ್ಣಾರ, ಫ್ಯಾನ್ ಮನ್ಯಾಗ ಯಾರಿಗೆ ತೋರಸ್ತೀರಿ?” ಎಂದ. ಆದರೂ ಅವನ ಮನೆಗೆ ನನ್ನ ಅಂಗಡಿಯಿಂದ ಹೋಗಿ ಬಂದ ಗಂಟುಗಳನ್ನು ನೆನೆದು, ಇಲ್ಲವೆನ್ನಲಾರದೆ ಕಟ್ಟಿ ಕೊಟ್ಟ.

ಮನೆಮುಂದಿನ ಕಟ್ಟೆಯ ಮೇಲೆ ಸಭೆ ಸೇರಿತು. ನಡುವೆ ಅವ್ವ, ಪಕ್ಕದಲ್ಲಿ ಶಾಂತಾ, ಸುತ್ತ ಓಣಿಯ ಹೆಂಗಸರು. ಬೇಸಿಗೆಯ ಸಂಜೆ, ಕರೆಂಟ್ ಹೋಗಿತ್ತು. ಹನಮಂತಪ್ಪ ಒಂದೊಂದೇ ಫ್ಯಾನನ್ನು ಬ್ಯಾಟರಿಗೆ ಹಚ್ಚಿ ಕೈಯಲ್ಲಿ ಹಿಡಿದು ತಿರುಗಿಸಿದ. ಒಮ್ಮೆ ಕೆಂಪು ವೈರು, ಕರಿ ವೈರು ಅದಲುಬದಲಾಗಿ ಫ್ಯಾನು ಉಲ್ಟಾ ತಿರುಗಿತು. ಅದನ್ನು ನಾನು ಗಮನವಿಟ್ಟು ನೋಡಿಕೊಂಡೆ. ಯಾವ ವಿದ್ಯೆಯಾದರೂ ಅರ್ಧ ಕಲಿಯುವುದರಲ್ಲಿ ನನ್ನ ಕೈ ಹಿಡಿಯುವವರಿಲ್ಲ. ತಗಡಿನ ಫ್ಯಾನಿಗೆ ಸದ್ದು ಜಾಸ್ತಿ ಎಂದು ಅವ್ವ ಬೇಡವೆಂದಳು. ತೆಳ್ಳಗಿನದನ್ನು ನೋಡಿ ಓಣಿಯವರೇ ನಕ್ಕರು. ಕರಿಯದು ತಿರುಗಿದಾಗ ಅವ್ವನ ಸೆರಗು ಹಾರಿತು, ಎಲ್ಲರ ಮುಖವೂ ಅರಳಿತು. “ಇದನ್ನ ತಗೋ ತಮ್ಮಾ. ಗಾಳಿ ಅಂದ್ರ ಇದು!” ಎಂದು ಅವ್ವ ಅಪ್ಪಣೆ ಕೊಟ್ಟಳು. ಉಳಿದೆರಡು ನರಗುಂದಕ್ಕೆ ವಾಪಸ್ ಹೋದವು.

ಮರುದಿನ ಹನಮಂತಪ್ಪ ಅದನ್ನು ಕಾರಿನ ಮೂತಿಯೊಳಗೆ ಕೂಡಿಸಿ, ಸವಡಿಯಲ್ಲಿ ಯಾರದೋ ಟ್ರ್ಯಾಕ್ಟರ್ ನಿಂತಿದೆಯೆಂದು ಹೊರಟುಹೋದ. ನಾನು ಕಾರನ್ನು ಕಟ್ಟೆಗೆ ಎದುರಾಗಿ ನಿಲ್ಲಿಸಿ ಫ್ಯಾನು ಚಾಲೂ ಮಾಡಿದೆ. ಕಟ್ಟೆಯ ಮೇಲೆ ಎಲ್ಲರೂ ಮುಖ ಮುಂದೆ ಮಾಡಿ ಕುಳಿತರು. ಫ್ಯಾನು ತಿರುಗಿತು, ಗಾಳಿ ಬರಲಿಲ್ಲ. ಅವ್ವ ಕಾರಿನ ಹತ್ತಿರ ಹೋಗಿ ಕೈ ಹಿಡಿದು ನೋಡಿ, “ಏ ತಮ್ಮಾ, ಗಾಳಿನ ಬರವಲ್ದಲ್ಲೋ. ನಿನ್ನೆ ತೋರಿಸಿದ್ದ ಒಂದು, ಕೂಡ್ಸಿದ್ದ ಒಂದು” ಎಂದಳು. ಅಂಗಡಿಯಲ್ಲಿ ಒಂದು ತೋರಿಸಿ ಇನ್ನೊಂದು ಕಟ್ಟಿಕೊಡುವ ವ್ಯಾಪಾರಿಯೆಂದರೆ ನನಗೆ ಮೈ ಉರಿಯುತ್ತದೆ. ಆ ಅಪವಾದ ನನ್ನ ಮನೆಯ ಕಟ್ಟೆಯ ಮೇಲೇ, ಓಣಿಯ ಹೆಂಗಸರ ಎದುರಿಗೇ ಬಂದರೆ ಹೇಗಾಗಬೇಡ? ಹನಮಂತಪ್ಪ ಅವಸರದಲ್ಲಿ ವೈರು ಉಲ್ಟಾ ಹಚ್ಚಿದ್ದಾನೆ ಎಂದು ತೀರ್ಮಾನಿಸಿ, ಕೆಂಪನ್ನು ಕರಿಯದಕ್ಕೂ ಕರಿಯದನ್ನು ಕೆಂಪಿಗೂ ಬದಲಾಯಿಸಿದೆ. ಭರ್ ಎಂದು ಗಾಳಿ ಕಟ್ಟೆಗೆ ನುಗ್ಗಿತು. ಅವ್ವ ಕಣ್ಣು ಮುಚ್ಚಿ, “ಈಗ ಆತು ನೋಡು” ಎಂದಳು. ನಾನು ಇಂಜಿನ್ ಚಾಲೂ ಮಾಡಿ ಎಷ್ಟೋ ಹೊತ್ತು ನಿಲ್ಲಿಸಿ ನೋಡಿದೆ. ಇಂಜಿನ್ನಿನ ಕಾವು ತೋರಿಸುವ ಮುಳ್ಳು ಮೇಲೇರಲೇ ಇಲ್ಲ. ಆ ರಾತ್ರಿ ನನಗೆ ಬಿದ್ದ ಕನಸಿನಲ್ಲಿ ಹನಮಂತಪ್ಪ ನನ್ನ ಹತ್ತಿರ ಕೆಲಸ ಕಲಿಯುತ್ತಿದ್ದ.

ಪರೀಕ್ಷೆಯ ದಿನ ಬಂತು. ಗಜೇಂದ್ರಗಡದಲ್ಲಿ ನಮಗೆ ಸೀರೆ ನೇದು ಕೊಡುವ ಮನೆಯೊಂದಿದೆ. ಸುಮಾಳ ಕುಬಸಕ್ಕೆ ಹಸಿರು ಸೀರೆ ಅಲ್ಲಿ ಮಗ್ಗದಿಂದ ಇಳಿದಿತ್ತು. ಅದನ್ನು ತರಲು ನಾನೂ ಶಾಂತಾಳೂ ಹೊರಟೆವು. ಸೀರೆ ನೋಡುವುದು ನೆಪ. ಆಕೆಯ ಕಣ್ಣೆಲ್ಲ ಮುಳ್ಳಿನ ಮೇಲೆ. ಪೇಟೆಯಲ್ಲಿ ಎತ್ತಿನ ಬಂಡಿಯ ಹಿಂದೆ ತೆವಳಿದೆವು, ಮುಳ್ಳು ಅಲುಗಲಿಲ್ಲ. ನಾನು ಸಣ್ಣಗೆ ಸಿಳ್ಳೆ ಹಾಕಿದೆ. ಊರು ದಾಟಿ ರಸ್ತೆ ಖಾಲಿ ಸಿಕ್ಕಿತು, ಸ್ವಲ್ಪ ಜೋರು ಮಾಡಿದೆ. ಮುಳ್ಳು ಅಲುಗಿತು. ಇನ್ನಷ್ಟು ಗಾಳಿ ಬಡಿದರೆ ತಂಪಾದೀತೆಂದು ಇನ್ನೂ ಜೋರು ಮಾಡಿದೆ. ಮುಳ್ಳು ಇನ್ನೂ ಏರಿತು. ಶಾಂತಾಳ ಕಣ್ಣಿಗೆ ಬೀಳದಿರಲೆಂದು ಅದರ ಮೇಲೆ ಟವೆಲ್ ಹಾಕಿದೆ. ಸೂಡಿಯ ಸಮೀಪ ಬರುವಷ್ಟರಲ್ಲಿ ಬಾನೆಟ್ಟಿನಿಂದ ಎದ್ದ ಹೊಗೆಗೆ ಹಾಕಲು ನನ್ನ ಹತ್ತಿರ ಅಷ್ಟು ದೊಡ್ಡ ಟವೆಲ್ ಇರಲಿಲ್ಲ.

ಕಾರು ನಿಂತಿತು. ಇಂಜಿನ್ ಬಂದ್ ಮಾಡಿದರೂ ಫ್ಯಾನು ತಿರುಗುತ್ತಲೇ ಇತ್ತು. ನನಗೆ ನಿಜಕ್ಕೂ ಅಳು ಬಂದಂತಾಯಿತು. ಅಪ್ಪ ಆ ಸ್ಟೇರಿಂಗ್ ಹಿಡಿದು ಕುಳಿತಿದ್ದು, ಸಣ್ಣ ಸುಮಾ ಹಿಂದಿನ ಸೀಟಿನ ಮೇಲೆ ನಿಂತು ಕೂಗುತ್ತಿದ್ದದ್ದು ಎಲ್ಲ ನೆನಪಾಯಿತು. ಇನ್ನು ಯಾವನೋ ಮದುಮಗ ಕಪ್ಪು ಕನ್ನಡಕ ಹಾಕಿಕೊಂಡು ಇದರ ಬಾನೆಟ್ ಮೇಲೆ ಕುಳಿತು ಫೋಟೋ ತೆಗೆಸಿಕೊಳ್ಳುತ್ತಾನೆ. ಶಾಂತಾ ಇಳಿದು ಹೋಗಿ ಕಾರಿನ ಮೂತಿಯ ಮುಂದೆ ನಿಂತಳು. ಬಿಸಿಗಾಳಿ ಆಕೆಯ ಸೆರಗನ್ನು ಗಜೇಂದ್ರಗಡದ ಕಡೆಗೆ ಹಾರಿಸಿತು.

“ಏನ್ರಿ, ಇಲ್ಲಿ ಬರ್ರಿ. ಗಾಡಿ ಮುಂದ ಹೋಗೂವಾಗ ಗಾಳಿ ಯಾ ಕಡೆಯಿಂದ ಬರತೈತಿ?”

“ಮುಂದಿಂದ.”

“ಫ್ಯಾನ್ ಯಾ ಕಡೆ ಊದಾಕತ್ತೈತಿ?”

“ಮುಂದಕ್ಕ.”

“ಹಂಗಾದ್ರ ಬರೂ ಗಾಳಿನ್ನ ಇದು ಬಾಗಲಾಗ ನಿಂತು ಹೊರಗ ದಬ್ಬಾಕತ್ತೈತಿ. ರಾಶಿ ತೂರೂವಾಗ ಗಾಳಿಗೆ ಎದುರ ನಿಂತು ತೂರ್ತಾರೇನ್ರಿ? ಹೊಟ್ಟೆಲ್ಲಾ ಮಾರಿಗೆ ಬರತೈತಿ.” ಶಾಂತಾ ಸವಡಿಯ ಒಕ್ಕಲು ಮನೆತನದ ಮಗಳು. ಇದು ಫ್ಯಾನಿನ ವಿಷಯವೆಂದು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಗಾಳಿಯ ವಿಷಯವೆಂದೇ ನೋಡಿದಳು.

ಆಗ ನನಗೆ ಎಲ್ಲ ಹೊಳೆಯಿತು. ಇಂಜಿನ್ನಿನ ಫ್ಯಾನು ಗಾಳಿಯನ್ನು ಇಂಜಿನ್ನಿಗೆ ಕೊಡಬೇಕು. ನಾವು ಅದನ್ನು ಕಟ್ಟೆಯ ಮೇಲೆ ಕುಳಿತ ನಮಗೆ ಬರುವಂತೆ ಪಸಂದ್ ಮಾಡಿದ್ದೆವು. ನಿಂತ ಕಾರಿಗೆ ಅದು ಹೇಗೋ ನಡೆಯಿತು, ಓಡುವ ಕಾರಿಗೆ ನಡೆಯಲಿಲ್ಲ. ಹನಮಂತಪ್ಪ ಸರಿಯಾಗಿಯೇ ಕೂಡಿಸಿದ್ದ. ವೈರು ಬದಲಿಸಿದ ಸಂಗತಿಯನ್ನು ಶಾಂತಾಳಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಲೇ ನನ್ನ ಕೈ ತಾನಾಗಿ ವೈರಿನತ್ತ ಹೋಯಿತು. ಎಷ್ಟು ಸಲೀಸಾಗಿ ಹೋಯಿತೆಂದರೆ ಆಕೆ ಸೊಂಟದ ಮೇಲೆ ಕೈಯಿಟ್ಟು, “ಅಂದ್ರ ಮೊದಲೂ ನೀವ ಬದಲಿ ಮಾಡೀರಿ!” ಎಂದಳು. ನಾನು ರೇಡಿಯೇಟರಿಗಿಂತ ಮೊದಲು ತಣ್ಣಗಾದೆ.

ವೈರುಗಳನ್ನು ಮೊದಲಿನಂತೆ ಹಚ್ಚಿ, ಇಂಜಿನ್ ಆರಿದ ಮೇಲೆ ನೀರು ಹಾಕಿ ಹೊರಟೆವು. ಗಜೇಂದ್ರಗಡಕ್ಕೆ ಹೋಗಿ ಸೀರೆ ತೆಗೆದುಕೊಂಡು ರೋಣಕ್ಕೆ ಬರುವವರೆಗೂ ಮುಳ್ಳು ನಡುವಿನ ಗೆರೆ ದಾಟಲಿಲ್ಲ. ಟವೆಲ್ಲನ್ನು ಶಾಂತಾ ತನ್ನ ತೊಡೆಯ ಮೇಲೇ ಇಟ್ಟುಕೊಂಡಿದ್ದಳು. ಆದರೂ ಷರತ್ತು ಷರತ್ತೇ, ಕಾರು ಕಾದದ್ದಂತೂ ಖರೆ. ಊರು ಕಂಡಾಗ ಧೈರ್ಯ ಮಾಡಿ ಕೇಳಿದೆ: “ಹಂಗಾದ್ರ ನರಗುಂದದಾಂವಗ ಏನಂತ ಹೇಳೂದು?”

“ಗಾಡಿ ಕೊಡಂಗಿಲ್ಲಂತ ಹೇಳ್ರಿ. ಅದು ತಾನಾಗಿ ಕಾದಿಲ್ಲ, ನೀವು ಕಾಸೀರಿ. ನನ್ನ ಮಗಳು ಅದರಾಗ ಬರ್ತಾಳ.”

ಬಂದಳು. ಕೊಣ್ಣೂರಿನ ಸೇತುವೆ ದಾಟಿ ಬರುವಾಗ ಹಸಿರು ಸೀರೆ ಉಟ್ಟ ಸುಮಾ ಹಿಂದಿನ ಸೀಟಿನಲ್ಲಿ ಅಮ್ಮನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ನೀರಿನ ಕ್ಯಾನುಗಳು ಡಿಕ್ಕಿಯಲ್ಲಿ ತುಂಬಿದಂತೆಯೇ ಇದ್ದವು. ಅವ್ವನೊಬ್ಬಳು ಮಾತ್ರ ಇವತ್ತಿಗೂ ಆ ಫ್ಯಾನನ್ನು ಒಪ್ಪಿಲ್ಲ. ಕರೆಂಟ್ ಹೋದಾಗಲೆಲ್ಲ ಕಾರಿನ ಮೂತಿಯ ಮುಂದೆ ಕೈ ಹಿಡಿದು ನೋಡಿ ಗೊಣಗುತ್ತಾಳೆ.

ಸುಮಾ ಬಂದ ದಿನ ರಾತ್ರಿ ಎಲ್ಲರ ಊಟ ಮುಗಿದ ಮೇಲೆ ಹಗುರವಾದ ಮನಸ್ಸಿನಿಂದ ಶಾಂತಾಳಿಗೆ ಹೇಳಿದೆ, “ಎಷ್ಟಾದ್ರೂ ನೀನು ದೊಡ್ಡ ಮನಸಿನಾಕಿ. ಗಾಡಿನ್ನೂ ಮಾರಲಿಲ್ಲ, ನನ್ನನ್ನೂ ಮನಿ ಬಿಟ್ಟು ಹೊರಗ ಹಾಕಲಿಲ್ಲ.”

ಆಕೆ ಮಗಳ ಸೀರೆಯನ್ನು ಮಡಿಕೆಗೆ ಮಡಿಕೆ ಕೂಡಿಸುತ್ತ, ತಲೆಯೆತ್ತದೆ ಹೇಳಿದಳು: “ನಿಮ್ಮನ್ನ ವಾಪಸ್ ಕೊಡೂ ವಿಚಾರ ನನಗೂ ಬಂದಿತ್ರಿ. ಏನ್ ಮಾಡೂದು, ಅಂಗಡ್ಯಾಗ ನೀವ ಬೋರ್ಡ್ ಹಾಕೀರಲ್ಲ.”