ಗಿಂಬಲ್ಲಿಗೊಂದು ಚೊಂಬಿನ ಪರೀಕ್ಷೆ

ನಮ್ಮ ದೊಡ್ಡಪ್ಪ ಈ ಲೋಕದಲ್ಲಿ ಯಾರನ್ನೂ ನಂಬುವವರಲ್ಲ. ಹವಾಮಾನ ವರದಿಯನ್ನು ನಂಬುವುದಿಲ್ಲ, ಪಂಚಾಂಗವನ್ನು ನಂಬುವುದಿಲ್ಲ, ಇನ್ನು ನನ್ನನ್ನಂತೂ ಬಿಡಿ! ಅವರು ನಂಬುವುದು ಒಂದೇ ಒಂದು ಹಿತ್ತಾಳೆ ಚೊಂಬನ್ನು. ಅದಕ್ಕೆ ಕಂಠದವರೆಗೆ ನೀರು ತುಂಬಿಸಿ ಕಾರಿನ ಡ್ಯಾಶ್‌ಬೋರ್ಡಿನ ಮೇಲಿಟ್ಟರೆ ಅದು ಏನು ಹೇಳುತ್ತದೋ ಅದೇ ಸತ್ಯ.

ನಗಬೇಡಿ, ಇದರ ಹಿಂದೆ ಮೂವತ್ತು ವರ್ಷದ ಸರ್ವೀಸ್ ಇದೆ. ದೊಡ್ಡಪ್ಪ ದೊಡ್ಡಬಳ್ಳಾಪುರದಲ್ಲಿ ಮದುವೆ ಟ್ಯಾಕ್ಸಿ ಓಡಿಸುತ್ತಿದ್ದವರು. ಆಗೆಲ್ಲ ಮದುವೆ ಮುಗಿಸಿ ಹೆಣ್ಣನ್ನು ಗಂಡಿನ ಮನೆಗೆ ಕರೆದೊಯ್ಯುವಾಗ ಕಳಸಗಿತ್ತಿ, ಅಂದರೆ ಕಳಶ ಹಿಡಿದ ಹುಡುಗಿ, ಮುಂದಿನ ಸೀಟಿನಲ್ಲಿ ಕೂರುತ್ತಿದ್ದಳು. ಕಳಶದ ನೀರು ಒಂದು ತೊಟ್ಟು ತುಳುಕಿದರೂ ಹಿಂದೆ ಕೂತ ಅಜ್ಜಿಯರು ಹಲ್ಲಿಯ ಹಾಗೆ ಲೊಚಗುಟ್ಟುತ್ತಿದ್ದರು. ಆ ಸದ್ದು ಕೇಳಬಾರದೆಂದು ದೊಡ್ಡಪ್ಪ ಮದುವೆಯ ಹಿಂದಿನ ದಿನವೇ ಚೊಂಬನ್ನು ಜೊತೆಗಿಟ್ಟುಕೊಂಡು ಅದೇ ದಾರಿಯಲ್ಲಿ ಒಂದು ಸುತ್ತು ಹೋಗಿಬರುತ್ತಿದ್ದರು. ಎಲ್ಲಿ ಗುಂಡಿ, ಎಲ್ಲಿ ಉಬ್ಬು, ಎಲ್ಲಿ ಯಾರ ಮನೆಯ ನಾಯಿ ಅಡ್ಡ ಬರುತ್ತದೆ, ಎಲ್ಲವೂ ಬಾಯಿಪಾಠ! ಅವರ ಬಿಳಿ ಅಂಬಾಸಿಡರ್ ಸಿಗಲಿಲ್ಲವೆಂದು ಮುಹೂರ್ತವನ್ನೇ ಮುಂದಕ್ಕೆ ಹಾಕಿದವರಿದ್ದಾರೆ ಎಂದು ಅವರು ಹೇಳುತ್ತಾರೆ. ಬೇರೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಇಂಥವರಿಗೆ ಗಿಂಬಲ್ಲಿನ ಹುಚ್ಚು ಹಿಡಿದದ್ದು ದೊಡ್ಡಮ್ಮನಿಂದ. ಎರಡು ವರ್ಷದ ಹಿಂದೆ ದೊಡ್ಡಮ್ಮನಿಗೆ ಬೆನ್ನಿನ ಆಪರೇಷನ್ ಆಯಿತು. ಮನೆಯೊಳಗೆ ನಾಲ್ಕು ಹೆಜ್ಜೆ ಓಡಾಡಬಹುದು, ಕಾರು ಬಸ್ಸು ಹತ್ತುವಂತಿಲ್ಲ ಎಂದರು ಡಾಕ್ಟರು. ದೊಡ್ಡಮ್ಮನ ತವರು ದೊಡ್ಡಬೆಳವಂಗಲದ ಪಕ್ಕದ ಹಳ್ಳಿ. ಮೊದಲೆಲ್ಲ ಗೌರಿ ಹಬ್ಬಕ್ಕೆ, ಅವರೆಕಾಯಿ ಕಾಲಕ್ಕೆ, ಏನೂ ಇಲ್ಲದಿದ್ದರೆ ಸುಮ್ಮನೆ ಬೇಜಾರಿಗೆ, ಅದೇ ಅಂಬಾಸಿಡರಿನಲ್ಲಿ ಹೋಗಿಬರುತ್ತಿದ್ದರು. ಹಿಂದಿನ ಸೀಟಿನ ತುಂಬ ನಾವು ಮಕ್ಕಳು! ಒಂದು ದಿನ ದೊಡ್ಡಮ್ಮ ಕಿಟಕಿಯ ಹತ್ತಿರ ಕೂತು, "ಅಲ್ಲಿಗೆ ಹೋಗೋದಂತೂ ಆಗಲ್ಲ. ಆ ದಾರೀನಾದ್ರೂ ಒಂದ್ಸಲ ನೋಡಿದ್ರೆ ಸಾಕಾಗಿತ್ತು" ಅಂದರು.

ಅಷ್ಟೇ ಸಾಕಾಯಿತು! ದೊಡ್ಡಪ್ಪ ಫೋನನ್ನು ರಬ್ಬರ್ ಬ್ಯಾಂಡ್ ಹಾಕಿ ಡ್ಯಾಶ್‌ಬೋರ್ಡಿಗೆ ಬಿಗಿದು, ಮನೆ ಬಾಗಿಲಿನಿಂದ ತವರಿನ ಬಾಗಿಲಿನವರೆಗೆ ವಿಡಿಯೋ ಮಾಡಿ ತಂದರು. ದೊಡ್ಡಮ್ಮ ಎರಡೇ ನಿಮಿಷ ನೋಡಿ ಕಣ್ಣು ಮುಚ್ಚಿಕೊಂಡರು.

"ತಲೆ ಸುತ್ತುತ್ತೆ ಕಣ್ರೀ. ಇಂಜಿನ್ ನಡುಗೋದೆಲ್ಲ ಇದ್ರೊಳಗೇ ಬಂದ್ಬಿಟ್ಟಿದೆ. ಯಾರಾದ್ರೂ ಒಂದು ನಿಂಬೆಹಣ್ಣು ಕೊಡ್ರಮ್ಮ."

ಮೂವತ್ತು ವರ್ಷದಲ್ಲಿ ದೊಡ್ಡಪ್ಪನ ಕಾರಿನಲ್ಲಿ ಯಾರಿಗೂ ತಲೆ ಸುತ್ತಿರಲಿಲ್ಲ. ಈಗ ಸ್ವಂತ ಹೆಂಡತಿಗೆ, ಅದೂ ಮಂಚದ ಮೇಲೆ ಕೂತಲ್ಲೇ! ಆ ದಿನ ಅವರಿಗೆ ಊಟ ಸೇರಲಿಲ್ಲ. ದೊಡ್ಡಮ್ಮ ತಲೆ ಸುತ್ತದೆ ತವರಿನವರೆಗೂ ನೋಡುವಂಥ ಒಂದು ವಿಡಿಯೋ ಆಗಲೇಬೇಕು ಎಂದು ಪಕ್ಕದ ಮನೆಯಲ್ಲಿರುವ ನನ್ನನ್ನು ಕಾಂಪೌಂಡಿನ ಮೇಲಿಂದಲೇ ಕೂಗಿ ಹೇಳಿದರು.

ಮೊದಲು ಸ್ವಂತ ಸಂಶೋಧನೆ. ಒಂದು ಬಟ್ಟೆ ಚೀಲಕ್ಕೆ ಎರಡು ಸೇರು ರಾಗಿ ತುಂಬಿಸಿ, ಬಾಯಿ ಹೊಲಿದು, ಅದರ ಮೇಲೆ ಫೋನನ್ನು ಒತ್ತಿ ಕೂರಿಸಿದರು. "ಕುಲುಕೋದನ್ನೆಲ್ಲ ರಾಗಿ ನುಂಗ್ಬಿಡುತ್ತೆ ಕಣಮ್ಮ, ನೋಡ್ತಿರು!" ನಿಜ ಹೇಳಬೇಕೆಂದರೆ ಅರ್ಧ ದಾರಿಯವರೆಗೆ ಚೆನ್ನಾಗಿಯೇ ನುಂಗಿತು. ಆಮೇಲೆ ಹೊಲಿಗೆ ಬಿಚ್ಚಿ ಕಾರೆಲ್ಲ ರಾಗಿ. ಹದಿನೈದು ದಿನ ಬಿಟ್ಟು ನೋಡಿದರೆ ಕಾಲಡಿಯ ಮ್ಯಾಟಿನಲ್ಲಿ ಹಸಿರು ಮೊಳಕೆ! ಎಂದೂ ತುಳುಕದ ಚೊಂಬಿದ್ದ ಕಾರಿನಲ್ಲಿ ಬೆಳೆಗೆ ನೀರು ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ. ದೊಡ್ಡಮ್ಮ ಮಾತ್ರ, "ಕಳೆ ಕೀಳೋಕೆ ಆಳು ಹೇಳಿದ್ದೀರೇನ್ರೀ?" ಅಂದರು.

ಆಗ ನಾನು ಬಾಯಿ ತಪ್ಪಿ ಗಿಂಬಲ್ ಎಂಬ ಪದಾರ್ಥದ ಬಗ್ಗೆ ಹೇಳಿದೆ. ಹಿಡಿ ಇರುವ ಒಂದು ಕೋಲು, ತುದಿಯಲ್ಲಿ ಫೋನು. ನಮ್ಮ ಕೈ ಎತ್ತ ಅಲುಗಿದರೂ ಒಳಗಿನ ಪುಟ್ಟ ಮೋಟಾರುಗಳು ಫೋನನ್ನು ನೆಟ್ಟಗೆ ನಿಲ್ಲಿಸುತ್ತವೆ. ಹೇಳಿದ್ದೇ ತಪ್ಪಾಯಿತು! ಒಂದು ತಿಂಗಳು ನಮ್ಮ ಮನೆಯಲ್ಲಿ ಅದರದೇ ವಿಡಿಯೋಗಳು. ಫೋನಿನಲ್ಲಿ ಯಾವನೋ "ಹಾಯ್ ಫ್ರೆಂಡ್ಸ್" ಎಂದರೆ ದೊಡ್ಡಪ್ಪ "ಹೂಂ, ಹೇಳಪ್ಪ" ಎನ್ನುತ್ತಿದ್ದರು. ಅವನು ಪಾರ್ಕಿನಲ್ಲಿ ಓಡಿ ತೋರಿಸಿದರೆ, "ಪಾರ್ಕಲ್ಲಿ ಯಾಕೋ ಓಡ್ತೀಯ? ನಮ್ಮ ರಸ್ತೆಗೆ ಬಾ!" ಎಂದು ಬೈಯುತ್ತಿದ್ದರು.

"ದೊಡ್ಡಪ್ಪ, ಎರಡು ಕಡೆ ತಿರುಗೋ ಗಿಂಬಲ್ ಸಾಕಾ, ಮೂರು ಕಡೆ ತಿರುಗೋದು ಬೇಕಾ?" ಎಂದೆ.

"ಗುಂಡೀಲಿ ಎತ್ತಿಹಾಕೋದು ಒಂದು, ಪಕ್ಕಕ್ಕೆ ವಾಲೋದು ಒಂದು, ತಿರುವಲ್ಲಿ ತಿರುಗೋದು ಒಂದು. ನಮ್ಮ ರಸ್ತೇಲಿ ಮೂರೂ ಒಟ್ಟಿಗೇ ಆಗುತ್ತೆ. ಮೂರೇ ಇರಲಿ!"

ಕೊನೆಗೊಂದು ದಿನ ಪೇಟೆಯಲ್ಲಿ ಇರ್ಫಾನ್ ಎಂಬಾತನ ಮೊಬೈಲ್ ಅಂಗಡಿಗೆ ಹೋದೆವು. ಪಾಪ, ಒಳ್ಳೆಯ ಮನುಷ್ಯ. ಮೂರು ಗಿಂಬಲ್ ತೆಗೆದು ಗಾಜಿನ ಮೇಲೆ ಸಾಲಾಗಿಟ್ಟ. ದೊಡ್ಡಪ್ಪ ಚೀಲದಿಂದ ಚೊಂಬು ತೆಗೆದರು! ಅಂಗಡಿಯ ನೀರನ್ನೇ ಅದಕ್ಕೆ ತುಂಬಿಸಿ, ಫೋನ್ ಸಿಕ್ಕಿಸುವ ಜಾಗದಲ್ಲಿ ಚೊಂಬಿನ ಕುತ್ತಿಗೆ ಸಿಕ್ಕಿಸಿದರು. ಗಿಂಬಲ್ ಒಮ್ಮೆ ಕುಂಯ್ ಎಂದು ತಲೆ ಬಾಗಿಸಿತು. ನೀರೆಲ್ಲ ಗಾಜಿನ ಮೇಲೆ.

"ಅಯ್ಯೋ ಯಜಮಾನ್ರೇ! ಅದು ಫೋನಿಗೆ ಮಾಡಿರೋದು, ಚೊಂಬಿಗಲ್ಲ!"

"ಒಂದು ಚೊಂಬು ತಡೆಯೋಕಾಗಲ್ಲ ಅಂದ್ರೆ ದೊಡ್ಡಬೆಳವಂಗಲದ ರಸ್ತೆ ತಡೆಯುತ್ತೇನಯ್ಯಾ?"

ಇರ್ಫಾನ್ ನನ್ನ ಮುಖ ನೋಡಿದ. ನಾನು ಛಾವಣಿಯ ಫ್ಯಾನು ನೋಡಿದೆ. ಕೊನೆಗೆ ಗಾಜು ಒರೆಸಿ, ಮೂರೂ ಗಿಂಬಲ್ ಹಿಡಿದು ತಾನೇ ಬಂದು ಕಾರಿನಲ್ಲಿ ಕೂತ. ದೊಡ್ಡಪ್ಪ ಚೊಂಬನ್ನು ಮತ್ತೆ ತುಂಬಿಸಿ ಡ್ಯಾಶ್‌ಬೋರ್ಡಿನ ಮೇಲಿಟ್ಟು ಓಡಿಸಿದರು. ಚೊಂಬೂ ತುಳುಕಲಿಲ್ಲ, ವಿಡಿಯೋನೂ ಅಲುಗಲಿಲ್ಲ. ಎರಡನೆಯ ಗಿಂಬಲ್ಲಿಗೂ ಹಾಗೇ, ಮೂರನೆಯದಕ್ಕೂ ಹಾಗೇ.

"ನೀವು ಓಡಿಸಿದ್ರೆ ಎಲ್ಲಾದೂ ಪಾಸೇ, ಯಜಮಾನ್ರೇ. ಕೆಟ್ಟದಾಗಿ ಓಡಿಸೋರು ಯಾರಾದ್ರೂ ಬೇಕು" ಅಂದ ಇರ್ಫಾನ್.

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು! ನಾನು ಸ್ಟಿಯರಿಂಗ್ ಹಿಡಿದೆ. ಮೊದಲ ಉಬ್ಬಿನಲ್ಲೇ ಚೊಂಬು ಹಾರಿ ದೊಡ್ಡಪ್ಪನ ಪಂಚೆಯ ಮೇಲೆ ಬಿತ್ತು. ಇರ್ಫಾನ್ ಕೈಯಲ್ಲಿದ್ದ ಗಿಂಬಲ್ಲಿನ ಫೋನು ಮಾತ್ರ ನೆಟ್ಟಗೆ ರಸ್ತೆ ನೋಡುತ್ತಿತ್ತು. "ಇದೇ ಕಣಯ್ಯ, ಇದನ್ನೇ ಕೊಡು!" ಎಂದರು ದೊಡ್ಡಪ್ಪ, ಒದ್ದೆಯಾಗಿ, ಮಹಾ ಸಂತೋಷದಿಂದ. ನನ್ನ ಡ್ರೈವಿಂಗನ್ನು ಅವರು ಮೆಚ್ಚಿದ್ದು ಅದೊಂದೇ ಸಲ.

ಮರುದಿನ ಬೆಳಿಗ್ಗೆ ದೊಡ್ಡಪ್ಪ ಓಡಿಸಿದರು, ನಾನು ಗಿಂಬಲ್ ಹಿಡಿದೆ. ಮಗ್ಗದ ಬೀದಿ, ದ್ರಾಕ್ಷಿ ತೋಟ, ನೀಲಗಿರಿ ತೋಪು, ಕೆರೆ ಏರಿ, ಎಲ್ಲವೂ ಬಂತು. ಕೆಲವು ಕಡೆ ತೋಟವಿದ್ದಲ್ಲಿ ಲೇಔಟ್ ಆಗಿತ್ತು. ಅಲ್ಲಿ ದೊಡ್ಡಪ್ಪ, "ಸ್ವಲ್ಪ ಆ ಕಡೆ ತಿರುಗಿಸಮ್ಮ" ಎನ್ನುತ್ತಿದ್ದರು.

ದೊಡ್ಡಮ್ಮ ಮಂಚದ ಮೇಲೆ ದಿಂಬಿಗೊರಗಿ ನೋಡತೊಡಗಿದರು. ಐದು ನಿಮಿಷ, ಹತ್ತು ನಿಮಿಷ. ತಲೆ ಸುತ್ತಲಿಲ್ಲ. ದೊಡ್ಡಪ್ಪ ವಿಡಿಯೋ ನೋಡಲೇ ಇಲ್ಲ, ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ದೊಡ್ಡಮ್ಮ ಫೋನನ್ನು ಪಕ್ಕಕ್ಕಿಟ್ಟರು.

"ಚೆನ್ನಾಗಿದೆ ಕಣ್ರೀ, ತುಂಬಾ ಚೆನ್ನಾಗಿದೆ. ಆದ್ರೆ ಯಾರೋ ಹೋಗಿದ್ದನ್ನ ನಾನು ನೋಡ್ದಂಗಿದೆ. ನಾನು ಹೋದಂಗಿಲ್ಲ."

ರಾಗಿ, ಗಿಂಬಲ್, ಒಂದು ತಿಂಗಳ ಜಾಗರಣೆ, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ! ದೊಡ್ಡಪ್ಪ ರೇಗುತ್ತಾರೆ ಎಂದುಕೊಂಡೆ. ಅವರು ರೇಗಲಿಲ್ಲ. ಮಂಚದ ಅಂಚಿನಲ್ಲಿ ಕೂತು, ದೊಡ್ಡಮ್ಮನ ಅಂಗೈಯನ್ನು ತಮ್ಮ ಅಂಗೈ ಮೇಲಿಟ್ಟುಕೊಂಡು, "ಮೊದಲಿಂದ ಹಾಕಮ್ಮ" ಅಂದರು.

ಮೊದಲಿನಿಂದ ಹಾಕಿದೆ. ಬೀದಿಯ ಕೊನೆಯ ಉಬ್ಬು ಬಂದಾಗ ದೊಡ್ಡಪ್ಪ ಆ ಕೈಯನ್ನು ಮೆಲ್ಲಗೆ ಎತ್ತಿ ಇಳಿಸಿದರು. ತಿರುವಿನಲ್ಲಿ ಪಕ್ಕಕ್ಕೆ ವಾಲಿಸಿದರು. ಗುಂಡಿಯಲ್ಲಿ ಒಂದು ಸಣ್ಣ ಕುಲುಕು. ಕೆರೆ ಏರಿಯ ಮೇಲೆ ಬೆರಳುಗಳಲ್ಲೇ ಗಡಗಡ. ಬೆನ್ನಿಗೆ ಒಂದಿಷ್ಟೂ ತಾಗಲಿಲ್ಲ. ವಿಡಿಯೋದಲ್ಲಿ ಕಾಣದ ಒಂದೊಂದು ಗುಂಡಿಯೂ ಅವರ ಕೈಗೆ ಗೊತ್ತಿತ್ತು. ದೊಡ್ಡಮ್ಮ ಮೊದಲು ನಕ್ಕರು, ಆಮೇಲೆ ನಗುವುದನ್ನು ಬಿಟ್ಟು ದಾರಿ ನೋಡತೊಡಗಿದರು. ನನಗೆ ಅಳು ತಡೆಯಲಾಗಲಿಲ್ಲ.

ತವರಿನ ಬೀದಿಗೆ ಕಾರು ತಿರುಗಿದಾಗ ದೊಡ್ಡಮ್ಮ ಇನ್ನೊಂದು ಕೈಯಿಂದ ಸೆರಗು ಸರಿಮಾಡಿಕೊಂಡರು. ಹಣೆಯ ಮೇಲಿದ್ದ ಕೂದಲನ್ನು ಹಿಂದಕ್ಕೆ ಒತ್ತಿಕೊಂಡು ದೊಡ್ಡಪ್ಪನ ಕಡೆ ತಿರುಗಿ, "ರೀ, ನನ್ ತಲೆ ಕೆದರಿಲ್ಲ ತಾನೇ?" ಎಂದು ಕೇಳಿದರು.